ಅತ್ತೆ ತಿದ್ದಿದ ಹಿಮಬಂಡೆಗಳು

ಉಶುವಾಯ, ಅರ್ಜೆಂಟೀನಾ
19 ನವೆಂಬರ್ 2023

ಪ್ರೀತಿಯ ಅತ್ತೆ,

ನಿಮ್ಮ ಸೊಸೆ ಇನ್ನೂ ಮುಳುಗಿಲ್ಲ, ಮೊದಲು ಅದನ್ನು ಹೇಳಿಬಿಡುತ್ತೇನೆ. ದಕ್ಷಿಣ ಧ್ರುವದ ಕಡೆಗಿನ ಮೊದಲ ಸುತ್ತು ಮುಗಿಸಿ ಹಡಗು ಇವತ್ತು ಬೆಳಿಗ್ಗೆ ಬಂದರಿಗೆ ಬಂತು. ಹಳೆಯ ಪ್ರವಾಸಿಗಳು ಇಳಿದರು, ಸಂಜೆಗೆ ಹೊಸಬರು ಹತ್ತುತ್ತಾರೆ. ನಡುವಿನ ಬಿಡುವಿನಲ್ಲಿ ಒಂದು ಕಾಫಿ ಅಂಗಡಿಯಲ್ಲಿ ಕೂತು ಫೋಟೋಗಳನ್ನು ನಿಮಗೆ ಕಳಿಸುತ್ತಿದ್ದೇನೆ. ಹಡಗಿನಲ್ಲಿ ಮೇಲ್ ಹೋಗುವಷ್ಟು ಮಾತ್ರ ಸಿಗ್ನಲ್ಲು, ಫೋನು ಸಿಗುವುದಿಲ್ಲ; ಬಂದರಿನಲ್ಲಿ ನನಗೆ ಬಿಡುವಾಗುವ ಹೊತ್ತಿಗೆ ನಿಮಗಲ್ಲಿ ರಾತ್ರಿ. ಮಾರ್ಚ್‌ವರೆಗೆ ನಮ್ಮಿಬ್ಬರಿಗೂ ಪತ್ರವೇ ಗತಿ.

ಅತ್ತೆ, ಹೊಟ್ಟೆ ತೊಳಸುವ ಕಡಲು ದಾಟಿ ಒಂದು ಬೆಳಿಗ್ಗೆ ಡೆಕ್ಕಿಗೆ ಬಂದರೆ ಅದು ಎದುರಿಗೇ ನಿಂತಿತ್ತು. ಗೋಪಾಲಸ್ವಾಮಿ ಬೆಟ್ಟದ ನೆತ್ತಿಯನ್ನು ಚಪ್ಪಟೆಯಾಗಿ ಕೊಯ್ದು ನೀರಿಗೆ ಬಿಟ್ಟ ಹಾಗೆ. ಬೆಟ್ಟದಷ್ಟು ಹಿಮ, ಅಚ್ಚ ಬಿಳಿ. ಬಿರುಕುಗಳ ಒಳಗೆ ಮಾತ್ರ ಒಂದು ಥರದ ನೀಲಿ. ಗುಂಡ್ಲುಪೇಟೆ ಪಕ್ಕದ ಮದ್ದೂರಿನ ಕಾಡಂಚಿನಲ್ಲಿ ಆನೆ ನೋಡಿಕೊಂಡು ಬೆಳೆದವಳು ನಾನು, ದೊಡ್ಡದು ಅಂದರೆ ಏನೆಂದು ಗೊತ್ತು ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಕ್ಯಾಮೆರಾ ಎತ್ತುವುದೇ ಮರೆತುಹೋಯಿತು.

ಹಡಗಿನ ಫೋಟೋಗ್ರಾಫರ್ ಆಗಿ ನಾನು ತೆಗೆಯುವ ಈ ವರ್ಷದ ಚಿತ್ರಗಳನ್ನು ಸೇರಿಸಿ ಕಂಪನಿಯವರು ಪುಸ್ತಕ ಮಾಡುತ್ತಾರೆ. "ಚಿತ್ರಗಳನ್ನು ತಿದ್ದಿ ಟಚಿಂಗ್ ಯಾರು ಮಾಡುತ್ತಾರೆ?" ಎಂದು ಅದರ ಸಂಪಾದಕಿ ಕೇಳಿದಳು. "ನಮ್ಮತ್ತೆ" ಅಂದೆ. ತಮಾಷೆ ಅಂದುಕೊಂಡು ನಕ್ಕಳು. ಕ್ಯಾಮೆರಾ ಹಿಮವನ್ನು ಬೂದಿಬಣ್ಣಕ್ಕೆ ತಿರುಗಿಸಿಬಿಡುತ್ತದೆ. ಅದರ ಬಿಳುಪನ್ನು ವಾಪಸು ತಂದುಕೊಡಿ. ಮದುವೆಯಾಗಿ ಬಂದ ನನ್ನನ್ನು ಅಡುಗೆಮನೆಗಿಂತ ಮೊದಲು ನಮ್ಮ ಫೋಟೋ ಸ್ಟುಡಿಯೋಗೆ ಕರೆದುಕೊಂಡು ಹೋದವರು ನೀವು. ಇದು ನಮ್ಮಿಬ್ಬರ ಕೆಲಸ.

ನಿಮ್ಮ ಮಗ ಜಯನಿಗೆ ಬೇರೆಯಾಗಿ ಬರೆಯುತ್ತೇನೆ. ಚಾಮರಾಜನಗರದ ಬಸ್ಸಿಗೆ ತಿಂಡಿ ತಿನ್ನದೆ ಓಡುತ್ತಾನೆ, ಬಿಡಬೇಡಿ.

ನಿಮ್ಮ
ರಂಜಿನಿ


ಗುಂಡ್ಲುಪೇಟೆ
27 ನವೆಂಬರ್ 2023

ರಂಜಿ,

ನಿನ್ನ ಫೋಟೋಗಳು ಬಂದವು. ಟೈಪು ಮಾಡುವುದು ನನಗೆ ಒಗ್ಗುವುದಿಲ್ಲ, ಗೊತ್ತಲ್ಲ. ಕಾಗದದ ಮೇಲೆ ಬರೆದು ಫೋನಿನಲ್ಲಿ ಫೋಟೋ ತೆಗೆದು ಕಳಿಸುತ್ತಿದ್ದೇನೆ.

ನಿನ್ನ ಹಿಮವನ್ನು ಕಂಪ್ಯೂಟರಿನಲ್ಲಿ ತೆರೆದುಕೊಂಡು ಒಂದೊಂದನ್ನೇ ನೋಡಿದೆ. ನಿಮ್ಮ ಮಾವ ಇದ್ದಿದ್ದರೆ ಇಡೀ ಬಜಾರಿಗೆ ತೋರಿಸಿಕೊಂಡು ಬರುತ್ತಿದ್ದರು. ಅವರು ಫೋಟೋ ತೆಗೆಯುವುದು, ನಾನು ಸೀಸದ ಕಡ್ಡಿ ಚೂಪು ಮಾಡಿಕೊಂಡು ನೆಗೆಟಿವ್ ಮೇಲೆ ಮದುಮಕ್ಕಳ ಸಿಡುಬಿನ ಕಲೆ ತುಂಬುವುದು. ಆ ಕೈಗೆ ಈಗ ಹಿಮ ತಿದ್ದುವ ಯೋಗ ಬಂತು. ಮೊದಲ ಕಂತು ಮುಗಿಸಿದ್ದೇನೆ. ಬೂದಿ ಮಾತ್ರ ಅಲ್ಲ, ನಿನ್ನ ಚಿತ್ರಗಳಲ್ಲಿ ಹಳದಿಯೂ ಇತ್ತು. ಎಲ್ಲ ತೆಗೆದೆ. ಧೂಳಿನ ಚುಕ್ಕೆಗಳಿದ್ದವು, ಅವನ್ನೂ ಒರೆಸಿದೆ. ಲೆನ್ಸು ಸರಿಯಾಗಿ ಒರೆಸಿಕೊಳ್ಳಮ್ಮ.

ಹಳದಿ ಅಂದರೆ ನೆನಪಾಯಿತು. ಸ್ಟುಡಿಯೋ ಗೋಡೆಗೆ ಬಣ್ಣ ಹೊಡೆಸಿದೆ. "ಬೆಳ್ಳಗೆ ಹೊಡಿ ಅಂದ್ರೆ ಅರಿಶಿಣ ಕಲಸ್ಬುಟ್ಟಿದ್ದೀಯಲ್ಲೋ ಮರಿಯಯ್ಯ" ಅಂದೆ. "ಅಯ್ಯೋ, ಆಲಿನಂಗೆ ಬೆಳ್ಳಗದೆ ಕಣವ್ವಾ, ಡಬ್ಬ ಬೇಕಾರೆ ನೋಡಿ" ಅಂತ ನನ್ನನ್ನೇ ದಬಾಯಿಸಿದ. ಈಗಿನವರಿಗೆ ಬಿಳಿ ಯಾವುದು ಅಂತಲೇ ಗೊತ್ತಿಲ್ಲ.

ಸ್ವೆಟರಿನ ಒಳಗೆ ಹತ್ತಿ ಬನಿಯನ್ ಹಾಕಿಕೋ. ನಿನ್ನ ಸಂಪಾದಕಿ ಏನಂದಳು, ಬರಿ.

ಗುರುಮಲ್ಲಮ್ಮ


ಉಶುವಾಯ
2 ಡಿಸೆಂಬರ್ 2023

ಅತ್ತೆ,

ನೀವು ತಿದ್ದಿದ ಚಿತ್ರಗಳನ್ನು ಇಲ್ಲಿಗೆ ಬಂದ ಕೂಡಲೇ ತೆರೆದೆ. ನೆರಳು ಬೆಳಕು ಎಷ್ಟು ಹದವಾಗಿ ಕೂರಿಸಿದ್ದೀರಿ! ಸಂಪಾದಕಿಗೆ ಕೊಟ್ಟಿದ್ದೇನೆ, ಸಂತೋಷಪಟ್ಟಳು.

ಒಂದೇ ಮಾತು, ಬೇಸರ ಮಾಡಿಕೊಳ್ಳಬಾರದು. ನೀಲಿ ಒಂದಿಷ್ಟು ಹೆಚ್ಚಾಯಿತೇನೋ. ಬಿರುಕಿನಲ್ಲಿದ್ದ ನೀಲಿ ಇಡೀ ಬಂಡೆಗೆ ಹಬ್ಬಿದೆ. ಮತ್ತೆ, ಆ ಕಮಾನಿನ ಆಕಾರದ ಬಂಡೆಯ ಚಿತ್ರದಲ್ಲಿ ಎರಡು ಹಕ್ಕಿಗಳಿದ್ದವು, ಈಗ ಇಲ್ಲ. ಹಕ್ಕಿ ಇಲ್ಲದಿದ್ದರೇ ಚೆನ್ನ ಅನ್ನಿಸಿತೇ?

ಇಲ್ಲಿ ರಬ್ಬರ್ ದೋಣಿಯಲ್ಲಿ ಬಂಡೆಗಳ ಹತ್ತಿರ ಹೋಗುತ್ತೇವೆ. ತೀರಾ ಹತ್ತಿರ ಹೋಗುವಂತಿಲ್ಲ, ಹೇಳದೆ ಕೇಳದೆ ಮಗುಚಿಕೊಳ್ಳುತ್ತವೆ. ಬ್ಯಾಟರಿಗಳು ಚಳಿಗೆ ಸಾಯುತ್ತವೆ, ಎದೆಗೆ ಅವುಚಿಕೊಂಡಿರುತ್ತೇನೆ. ನಿಮ್ಮ ಮಾತಿನಂತೆ ಹತ್ತಿ ಬನಿಯನ್ ಹಾಕಿದ್ದೇನೆ. ಎರಡನೆಯ ಕಂತಿನ ಚಿತ್ರಗಳೂ ಇದರ ಜೊತೆಗಿವೆ.

ರಂಜಿನಿ


ಗುಂಡ್ಲುಪೇಟೆ
10 ಡಿಸೆಂಬರ್ 2023

ರಂಜಿ,

ಹಕ್ಕಿಗಳನ್ನು ಬೇಕೆಂದೇ ತೆಗೆದೆ. ಕಣ್ಣು ಹಿಮ ಬಿಟ್ಟು ಅವುಗಳ ಕಡೆಗೇ ಹೋಗುತ್ತಿತ್ತು. ನೀಲಿ ಇದೆ ಎಂದು ಬರೆದವಳು ನೀನೇ. ನೀನು ಅಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ನೋಡುತ್ತೀಯ, ನಾನು ಇಲ್ಲಿ ಬರಿಗಣ್ಣಲ್ಲಿ ನೋಡುತ್ತೇನೆ. ಯಾರು ಸರಿ?

ಅಕ್ಷರ ದಪ್ಪವಾಗಿದೆ ಅಂತ ಜಯ ಅಂದ. ಹೊಸ ಪೆನ್ನು, ಅಷ್ಟೇ.

ಸಂಪಾದಕಿ ಸಂತೋಷಪಟ್ಟಳಲ್ಲ, ಸಾಕು. ಕೇರಳಕ್ಕೆ ಕೂಲಿಗೆ ಹೋಗುವವರು ಪಾಸ್‌ಪೋರ್ಟ್ ಸೈಜಿನ ಫೋಟೋಗೆ ಬಂದರೆ ಅವರಿಗೂ ನಿನ್ನ ಹಿಮ ತೋರಿಸಿ ಕಳಿಸುತ್ತೇನೆ. "ಇದು ಊಟಿಯಾ?" ಅಂದ ಒಬ್ಬ. ಎರಡನೆಯ ಕಂತನ್ನೂ ತಿದ್ದಿ ಕಳಿಸಿದ್ದೇನೆ, ಮುಂದಿನದು ಬೇಗ ಕಳಿಸು.

ಗುರುಮಲ್ಲಮ್ಮ


ಹಡಗಿನಿಂದ
16 ಡಿಸೆಂಬರ್ 2023

ಅತ್ತೆ,

ನೀವೇ ಸರಿ. ಸಂಪಾದಕಿಗೂ ಈಗ ನಿಮ್ಮ ಕೈಗುಣ ಗೊತ್ತಾಗಿದೆ, ಎಲ್ಲ ಹಾಗೆಯೇ ಇಟ್ಟುಕೊಂಡಿದ್ದಾಳೆ.

ನಿನ್ನೆ ಒಂದು ಬಂಡೆ ಮಗುಚಿದ್ದನ್ನು ನೋಡಿದೆ. ಮೊದಲು ಸದ್ದೇ ಇಲ್ಲ. ಆಮೇಲೆ ಒಂದು ಮನೆಯಷ್ಟು ಹಿಮ ಮೆಲ್ಲಗೆ ವಾಲಿ ವಾಲಿ ತಲೆಕೆಳಗಾಯಿತು. ನೀರಿನಡಿ ಇದ್ದ ಭಾಗ ಮೇಲೆ ಬಂತು, ನುಣ್ಣಗೆ, ಗಾಜಿನ ಹಾಗೆ. ನನಗೆ ನೀವು ಪಕ್ಕದಲ್ಲಿರಬೇಕಿತ್ತು ಅನ್ನಿಸಿತು.

ಹೊಸ ಕಂತನ್ನು ಬಂದರಿನಿಂದ ಕಳಿಸುತ್ತೇನೆ. ಅವಸರ ಮಾಡಬೇಡಿ.

ರಂಜಿನಿ


ಗುಂಡ್ಲುಪೇಟೆ
30 ಡಿಸೆಂಬರ್ 2023

ಶಿವರಂಜಿನಿಗೆ,

ಹಡಗಿನ ಕಂಪನಿಯವರ ವೆಬ್‌ಸೈಟಿನಲ್ಲಿ ನಿನ್ನ ಕಮಾನಿನ ಚಿತ್ರ ಬಂದಿದೆ ಎಂದು ಜಯ ತೆರೆದು ತೋರಿಸಿದ. ಎದುರುಮನೆ ಮಲ್ಲಾಜಮ್ಮನೂ ಇದ್ದಳು. ಅವಳಿಗೆ ನಾನು ತಿದ್ದಿದ ಪ್ರಿಂಟನ್ನು ಮೊದಲೇ ತೋರಿಸಿದ್ದೆ. "ಅಲ್ಲ ಕಣಕ್ಕಾ, ನಿಂದು ನೀಲಿಯಾಗಿತ್ತು, ಇದು ಬೆಳ್ಳಗದೆ. ಎರಡು ಅಕ್ಕಿ ಬೇರೆ ಆರ್ತಾವೆ" ಅಂದಳು.

ಅದು ನಾನು ಮಾಡಿದ್ದಲ್ಲ. ಬೇರೆ ಯಾರ ಕೈಲೋ ಮಾಡಿಸಿ ಕೊಟ್ಟಿದ್ದೀಯ. ಹೇಳಬಹುದಿತ್ತು. ದೇಶ ಸುತ್ತಿದವಳಿಗೆ ಗುಂಡ್ಲುಪೇಟೆಯ ಸ್ಟುಡಿಯೋ ಕೆಲಸ ಸಣ್ಣದಾಗಿ ಕಂಡರೆ ತಪ್ಪಿಲ್ಲ. ಮುಖದ ಮೇಲೆ ಚೆನ್ನಾಗಿದೆ ಅಂದು ಬೆನ್ನ ಹಿಂದೆ ತೆಗೆದು ಹಾಕುವುದು ಬೇಡಿತ್ತು.

ಇನ್ನು ಕಳಿಸಬೇಡ.

ಗುರುಮಲ್ಲಮ್ಮ


ಹಡಗಿನಿಂದ
3 ಜನವರಿ 2024

ಅತ್ತೆ,

ಬೇರೆ ಯಾರೂ ಅಲ್ಲ. ನಾನೇ ಕ್ಯಾಬಿನ್ನಿನಲ್ಲಿ ಕೂತು ಮತ್ತೆ ಮಾಡಿದೆ. ಮೊದಲ ಕಂತನ್ನೇ ಸಂಪಾದಕಿ ವಾಪಸು ಕಳಿಸಿದ್ದಳು. "ಹಿಮ ಹೀಗಿರುವುದಿಲ್ಲ, ಹಕ್ಕಿಗಳೆಲ್ಲಿ?" ಎಂದು ಬರೆದಿದ್ದಳು. ನಿಮಗೆ ಹೇಳಲು ಬಾಯಿ ಬರಲಿಲ್ಲ. ಎರಡನೆಯ ಕಂತಿನಲ್ಲಿ ತಾನಾಗಿ ಸರಿಹೋಗುತ್ತದೆ ಅಂದುಕೊಂಡೆ. ಅದು ಇನ್ನೂ ನೀಲಿಯಾಗಿತ್ತು. ಆಗಲೂ ಸುಳ್ಳು ಹೇಳಿದೆ.

ಸಣ್ಣದಾಗಿ ಕಂಡಿತು ಎಂದಿರಲ್ಲ, ಅದೊಂದು ಮಾತು ವಾಪಸು ತೆಗೆದುಕೊಳ್ಳಿ. ಬೈಯಿರಿ, ಪರವಾಗಿಲ್ಲ. ಬರೆಯಿರಿ.

ರಂಜಿನಿ


ಉಶುವಾಯ
18 ಜನವರಿ 2024

ಅತ್ತೆ,

ನಿಮ್ಮಿಂದ ಪತ್ರವಿಲ್ಲ. ಸಂಕ್ರಾಂತಿಗೆ ನೀವು ಎಳ್ಳುಬೆಲ್ಲ ಹಿಡಿದು ಸ್ಟುಡಿಯೋದಲ್ಲಿ ನಿಂತಿರುವ ಫೋಟೋವನ್ನು ಜಯ ಕಳಿಸಿದ. ಕೋಪದಲ್ಲಿದ್ದರೂ ಹೊಸ ಸೀರೆ ಉಟ್ಟಿದ್ದೀರಿ. ಸುಮ್ಮನೆ ನೋಡುತ್ತಾ ಕೂತೆ. ಹಿಂದಿನ ಗೋಡೆ ಕಂಡಿತು.

ಅತ್ತೆ, ಗೋಡೆ ಬೆಳ್ಳಗಿದೆ. ಮರಿಯಯ್ಯ ಅರಿಶಿಣ ಕಲಸಿಲ್ಲ.

ಆಮೇಲೆ ನಿಮ್ಮ ಪತ್ರಗಳನ್ನೆಲ್ಲ ಒಂದರ ಪಕ್ಕ ಒಂದು ಇಟ್ಟು ನೋಡಿದೆ. ನವೆಂಬರಿನಲ್ಲಿ ಒಂದು ಹಾಳೆ ತುಂಬ ಬರೆದಿದ್ದಿರಿ. ಡಿಸೆಂಬರ್ ಕೊನೆಯ ಪತ್ರದಲ್ಲಿ ಅಕ್ಷರ ದೊಡ್ಡದಾಗಿ, ಅಷ್ಟೇ ದೊಡ್ಡ ಒಂದೊಂದು ಹಾಳೆಗೂ ನಾಲ್ಕೈದೇ ಸಾಲು ಹಿಡಿದಿವೆ. ಅದು ಸಿಟ್ಟು ಅಂದುಕೊಂಡಿದ್ದೆ. ಹೊಸ ಪೆನ್ನಿನದೂ ಅಲ್ಲ, ಸಿಟ್ಟಿನದೂ ಅಲ್ಲ. ಹಕ್ಕಿಗಳು ನಿಮಗೆ ಧೂಳಿನ ಚುಕ್ಕೆಯಾಗಿ ಕಂಡವು, ಅಲ್ಲವಾ? ಬಿಳಿಯೆಲ್ಲ ಹಳದಿಯಾಗಿ ಕಾಣುವಾಗ ಅದನ್ನು ಬಿಳಿ ಮಾಡಲು ನೀಲಿ ಸುರಿಯುತ್ತಾ ಹೋದಿರಿ.

ಇದು ನನಗೆ ಮೊದಲೇ ಹೊಳೆಯಬೇಕಿತ್ತು. ನಾನು ಬಣ್ಣ ನೋಡಿದೆ, ನಿಮ್ಮನ್ನು ನೋಡಲಿಲ್ಲ.

ಜಯನನ್ನು ಕರೆದುಕೊಂಡು ಮೈಸೂರಿಗೆ ಹೋಗಿ ಕಣ್ಣು ತೋರಿಸಿ. ನೀವು ಹೋಗದಿದ್ದರೆ ನಾನು ಮುಂದಿನ ಸುತ್ತಿಗೆ ಹತ್ತುವುದಿಲ್ಲ, ಇಲ್ಲಿಂದಲೇ ಹೊರಟು ಬರುತ್ತೇನೆ. ಇದು ಹೆದರಿಸುವ ಮಾತಲ್ಲ.

ರಂಜಿನಿ


ಗುಂಡ್ಲುಪೇಟೆ
27 ಜನವರಿ 2024

ರಂಜಿ,

ಈ ಪತ್ರವನ್ನು ನಾನು ಹೇಳುತ್ತಿದ್ದೇನೆ, ಜಯ ಬರೆಯುತ್ತಿದ್ದಾನೆ. ಅವನಿಗೂ ಗೊತ್ತಾಗಲಿ.

ನೀನು ಹೊರಡುವ ಮೊದಲೇ ನನಗೆ ತಿಳಿದಿತ್ತು. ದಸರಾ ಆದ ಮೇಲೆ ಪ್ರಿಂಟಿನ ಪೇಪರ್ ತರುತ್ತೇನೆ ಎಂದು ಮೈಸೂರಿಗೆ ಹೋಗಿದ್ದೆನಲ್ಲ, ಅವತ್ತೇ ತೋರಿಸಿದೆ. "ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣಿನದು ಮೊದಲು ತೆಗೆಸಿಬಿಡಿ" ಅಂದರು ಡಾಕ್ಟರು. ಮನೆಗೆ ಬಂದರೆ ನೀನು ನಡುಮನೆಯಲ್ಲಿ ಸೂಟ್‌ಕೇಸ್ ಹರಡಿಕೊಂಡು, ಆ ಕೆಂಪು ಜಾಕೆಟ್ ಹಾಕಿಕೊಂಡು ಸೆಕೆಯಲ್ಲಿ ಬೆವರುತ್ತಾ ನಗುತ್ತಿದ್ದೆ. ಈ ಕೆಲಸ ಸಿಗಲು ನೀನು ಪಟ್ಟ ಪಾಡು ನೋಡಿದವಳು ನಾನು. ಹೇಳಿದ್ದರೆ ನೀನು ಜಾಕೆಟ್ ತೆಗೆದು ಮಡಿಸಿ ಇಟ್ಟುಬಿಡುತ್ತಿದ್ದೆ. ಅಷ್ಟು ಗೊತ್ತು ನನಗೆ.

ಇನ್ನೊಂದು, ಭಯ. ನನ್ನ ತವರು ಕುದೇರಿನಲ್ಲಿ ನಮ್ಮವ್ವನಿಗೆ ಯಾವುದೋ ಶಿಬಿರದಲ್ಲಿ ಪೊರೆ ತೆಗೆದರು. ಕಣ್ಣು ಕೀವಾಗಿ ಹೋಯಿತು. ಆಮೇಲೆ ಅವಳು ಮೊಮ್ಮಕ್ಕಳನ್ನು ಮುಖ ಸವರಿ ಗುರುತು ಹಿಡಿಯುತ್ತಿದ್ದಳು. ನಾನು ಕಣ್ಣಿನಿಂದಲೇ ಬದುಕಿದವಳು. ಬಾಸಿಂಗದ ಅಂಚು, ಮೂಗುಬಟ್ಟಿನ ಹೊಳಪು, ಎಲ್ಲ ಈ ಕಣ್ಣಿನ ಕೆಲಸ. ಅದು ಹೋಗುವುದೇ ಆದರೆ ಕೊನೆಗೆ ನಿನ್ನ ಹಿಮವನ್ನಾದರೂ ನೋಡಿ ಹೋಗಲಿ ಅಂದುಕೊಂಡೆ. ಅದಕ್ಕೇ ಬೇಗ ಕಳಿಸು, ಬೇಗ ಕಳಿಸು ಅನ್ನುತ್ತಿದ್ದೆ. ಸ್ಕ್ರೀನಿಗೆ ಮೂಗು ತಾಗಿಸಿಕೊಂಡು ಕೂರುತ್ತಿದ್ದೆ.

ಮಲ್ಲಾಜಮ್ಮ ಬೆಳ್ಳಗದೆ ಅಂದಾಗ ನನಗೆ ಸಿಟ್ಟು ಬಂದದ್ದು ನಿನ್ನ ಮೇಲಲ್ಲ, ನನ್ನ ಕಣ್ಣಿನ ಮೇಲೆ. ಆದರೆ ಬರೆದದ್ದು ನಿನಗೆ. ಸಣ್ಣದಾಗಿ ಕಂಡಿತು ಅಂದ ಮಾತು ವಾಪಸು ತೆಗೆದುಕೊಂಡಿದ್ದೇನೆ.

(ರಂಜಿನಿ, ಇದು ನಾನು, ಜಯ. ಅಮ್ಮ ಈಗ ಅಳುತ್ತಿದ್ದಾರೆ. ಒಂದೇ ಮನೆಯಲ್ಲಿದ್ದು ನನಗೆ ಗೊತ್ತಾಗಲಿಲ್ಲ ನೋಡು. ಆಪರೇಷನ್ನಿಗೆ ದಿನ ಗೊತ್ತು ಮಾಡಿದ್ದೇನೆ, ಫೆಬ್ರವರಿ 12. ರಜೆ ಹಾಕಿದ್ದೇನೆ. ನೀನು ಬರಬೇಡ, "ಅವ್ಳು ಬಂದ್ರೆ ನಾನು ಆಸ್ಪತ್ರೆ ಮೆಟ್ಲೇ ಅತ್ತಲ್ಲ" ಅನ್ನುತ್ತಿದ್ದಾರೆ.)


ಉಶುವಾಯ
2 ಫೆಬ್ರವರಿ 2024

ಅತ್ತೆ,

ಜಯ ಓದಿ ಹೇಳುತ್ತಾನೆ, ಕೇಳಿಸಿಕೊಳ್ಳಿ.

ನೀವು ಹೇಳಿದ್ದು ನಿಜ, ಜಾಕೆಟ್ ಮಡಿಸಿ ಇಟ್ಟುಬಿಡುತ್ತಿದ್ದೆ. ಈಗಲೂ ಬ್ಯಾಗು ಕಟ್ಟಿ ಬಂದರಿನ ಬೆಂಚಿನ ಮೇಲೆ ಕೂತಿದ್ದೆ. ನೀವು ಮೆಟ್ಟಿಲು ಹತ್ತುವುದಿಲ್ಲ ಅಂದಿರೆಂದು ಮತ್ತೆ ಹಡಗು ಹತ್ತುತ್ತಿದ್ದೇನೆ. ಅದೂ ಹೆದರಿಸುವ ಮಾತಲ್ಲ ಅಂತ ನನಗೂ ಗೊತ್ತು.

ಅಜ್ಜಿಯ ಕಾಲ ಬೇರೆ. ಆದರೂ ಭಯಪಡಬೇಡಿ ಎಂದು ಇಷ್ಟು ದೂರದಿಂದ ಹೇಳಲು ನಾಚಿಕೆ. ಭಯವಾದರೆ ಜಯನ ಕೈ ಹಿಡಿದುಕೊಳ್ಳಿ. ಅವನಿಗೆ ನಿಮಗಿಂತ ಹೆಚ್ಚು ಭಯ, ಅವನನ್ನು ಸಮಾಧಾನ ಮಾಡುವುದರಲ್ಲಿ ನಿಮ್ಮದು ಮರೆತುಹೋಗುತ್ತದೆ.

ಆ ದಿನ ನಾವು ಹಿಮದ ನಡುವೆ ಇರುತ್ತೇವೆ. ಅಲ್ಲಿ ಈಗಲೂ ಕತ್ತಲೆ ಸ್ವಲ್ಪ ಹೊತ್ತೇ.

ನಿಮ್ಮ
ರಂಜಿನಿ


ಗುಂಡ್ಲುಪೇಟೆ
26 ಫೆಬ್ರವರಿ 2024

ರಂಜಿ,

ನೋಡು, ನಾನೇ ಬರೆಯುತ್ತಿದ್ದೇನೆ. ಸಾಲು ಬಿಟ್ಟು ಹೋಗಿಲ್ಲ.

ಬಲಗಣ್ಣು ಆಯಿತು. ಕೂತು ಎದ್ದಷ್ಟು ಹೊತ್ತಿನ ಕೆಲಸ. ಇದಕ್ಕೆ ಇಷ್ಟು ದಿನ ನಿದ್ದೆಗೆಟ್ಟೆನಾ ಅನ್ನಿಸಿತು. ಮರುದಿನ ಪಟ್ಟಿ ಬಿಚ್ಚಿದರು. ಎದುರಿಗೆ ನರ್ಸಮ್ಮ ನಿಂತಿದ್ದಳು. ಅವಳ ಹಿಂದೆ ಕಿಟಕಿ, ಕಿಟಕಿಯ ಆಚೆ ತಂತಿಯ ಮೇಲೆ ಒಣಹಾಕಿದ ಬೆಡ್‌ಶೀಟುಗಳು. ರಂಜಿ, ಬಿಳಿ ಅಂದರೆ ಅಷ್ಟು ಬಿಳಿ ಇರುತ್ತದೆ ಅಂತ ನನಗೆ ಮರೆತೇ ಹೋಗಿತ್ತು. ಆಕಾಶವೂ ಯಾರೋ ತೊಳೆದು ಹಾಕಿದ ಹಾಗಿತ್ತು. "ಯಾಕ್ರವ್ವಾ, ನೋವಾಯ್ತದಾ?" ಅಂತ ನನ್ನ ಕಣ್ಣೀರು ನೋಡಿ ನರ್ಸಮ್ಮ ಗಾಬರಿಯಾದಳು. ಇಲ್ಲ ಅಂತ ತಲೆ ಆಡಿಸಿ ಮತ್ತೆ ಆ ಬೆಡ್‌ಶೀಟುಗಳನ್ನೇ ನೋಡಿದೆ.

ಜಯ ಹೊತ್ತು ಹೊತ್ತಿಗೆ ಔಷಧಿ ಬಿಡುತ್ತಾನೆ. ಗುರಿ ತಪ್ಪಿ ಅರ್ಧ ಕೆನ್ನೆಗೆ ಬೀಳುತ್ತದೆ. ಒಲೆ ಮುಂದೆ ಬಿಡುತ್ತಿಲ್ಲ, ಅವನೇ ಉಪ್ಪಿಟ್ಟು ಮಾಡುತ್ತಾನೆ. ನೀನು ಬೇಗ ಬಾ.

ನಿನ್ನೆ ಅವನಿಗೆ ಗೊತ್ತಾಗದ ಹಾಗೆ ಸ್ಟುಡಿಯೋಗೆ ಹೋಗಿ ನಾನು ತಿದ್ದಿದ ನಿನ್ನ ಚಿತ್ರಗಳನ್ನು ತೆರೆದೆ. ಅಯ್ಯೋ ಶಿವನೇ! ಪಂಚೆಗೆ ನೀಲಿ ಜಾಸ್ತಿ ಹಾಕಿ ಹಿಂಡಿದ ಹಾಗಿದೆ. ಆ ಸಂಪಾದಕಿ ಎಷ್ಟು ಒಳ್ಳೆಯವಳು, ಬೈಯದೆ ವಾಪಸು ಕಳಿಸಿದ್ದಾಳೆ. ಒಬ್ಬಳೇ ಕೂತು ನಗುತ್ತಿದ್ದೆ. ಆಮೇಲೆ ನೀನು ಕಳಿಸಿದ ಮೂಲ ಚಿತ್ರಗಳನ್ನು ತೆರೆದೆ. ಒಂದೊಂದರಲ್ಲೂ ಹಕ್ಕಿಗಳಿದ್ದವು. ಒಂದರಲ್ಲಿ ಬಂಡೆಯ ತಪ್ಪಲಲ್ಲಿ ಸಾಲಾಗಿ ನಿಂತ ಪೆಂಗ್ವಿನ್‌ಗಳು. ಅವನ್ನೆಲ್ಲ ನಾನು ಧೂಳು ಅಂತ ಒರೆಸಿ ಹಾಕಿದ್ದೆ. ಆಗ ನಗು ನಿಂತಿತು.

ಎಡಗಣ್ಣು ಇನ್ನೂ ಹಳೆಯದೇ. ಬಲಗಣ್ಣು ಮುಚ್ಚಿದರೆ ನಾನು ತಿದ್ದಿದ ಹಿಮ ಸರಿಯಾಗಿದೆ ಅನ್ನಿಸುತ್ತದೆ. ಎಡಗಣ್ಣು ಮುಚ್ಚಿದರೆ ನೀನು ಕಂಡ ಹಿಮ. ಆಡುವ ಮಗುವಿನ ಹಾಗೆ ಅದನ್ನು ಮುಚ್ಚಿ ಇದನ್ನು ಮುಚ್ಚಿ ಕೂತಿದ್ದೆ. ಜಯ ಬಂದು ಹಿಡಿದುಬಿಟ್ಟ.

ಮರಿಯಯ್ಯನನ್ನು ಕರೆಸಿ ಕಾಫಿ ಕೊಟ್ಟೆ. "ನಾನು ಆವತ್ತೇ ಯೇಳ್ನಿಲ್ವಾ ಅವ್ವಾ" ಅಂದ. ಅನ್ನಲಿ.

ಇನ್ನೊಂದು ಸುತ್ತು ಉಳಿದಿದೆಯಲ್ಲ ನಿನಗೆ. ನನಗೆ ಕಳಿಸುವ ಧೈರ್ಯವಿದ್ದರೆ ಕಳಿಸು.

ಗುರುಮಲ್ಲಮ್ಮ


ಉಶುವಾಯ
12 ಮಾರ್ಚ್ 2024

ಅತ್ತೆ,

ಕೊನೆಯ ಸುತ್ತಿನ ಚಿತ್ರಗಳನ್ನು ನೀವು ಮಾಡಿ ಕಳಿಸಿದ್ದು ನಿನ್ನೆ ಸಿಕ್ಕಿತು. ಒಂದನ್ನೂ ಮುಟ್ಟದೆ ಸಂಪಾದಕಿಗೆ ಕೊಟ್ಟೆ, ಈ ಸಲ ನಿಜವಾಗಿ. ಮೊದಲಿನವೆಲ್ಲ ನಾನು ಮಾಡಿದ ಹಾಗೇ ಅಚ್ಚಿಗೆ ಹೋಗಿವೆ, ಅವನ್ನು ಬದಲಿಸಲು ಕಾಲ ಮೀರಿತು ಅಂದಳು. ನಿಮ್ಮ ಈ ಕಂತು ಪುಸ್ತಕದ ಕೊನೆಯ ಪುಟಗಳಿಗೆ ಹೋಗುತ್ತದೆ. ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ "ಗುರುಮಲ್ಲಮ್ಮ, ಗುಂಡ್ಲುಪೇಟೆ" ಎಂದಿರುತ್ತದೆ. ಊರಿನ ಹೆಸರು ಬರೆಯಲು ಮೂರು ಸಲ ಕೇಳಿದಳು.

ಆ ಮಂಜಿನ ಬೆಳಗಿನ ಚಿತ್ರದಲ್ಲಿ ನೀವು ಬಿರುಕಿನ ನೀಲಿಯನ್ನು ಬಿರುಕಿನಲ್ಲೇ ಬಿಟ್ಟಿದ್ದೀರಿ. ಅದನ್ನು ನೋಡುವಾಗ ಆ ಚಳಿ ಮತ್ತೆ ಮೈಗೆ ಬಂತು.

ನಾಳೆ ವಿಮಾನ. ಹೊರಡುವ ಮೊದಲು ಡೆಕ್ಕಿನ ಮೇಲೆ ಯಾರೋ ತೆಗೆದ ನನ್ನ ಫೋಟೋ ಕಳಿಸುತ್ತಿದ್ದೇನೆ. ಚೆನ್ನಾಗಿ ಬಂದಿಲ್ಲ, ಬೇಕಾದರೆ ತಿದ್ದಿಕೊಳ್ಳಿ.

ರಂಜಿನಿ


ಗುಂಡ್ಲುಪೇಟೆ
13 ಮಾರ್ಚ್ 2024

ರಂಜಿ,

ಇದು ನಿನಗೆ ದಾರಿಯಲ್ಲಿ ಎಲ್ಲಾದರೂ ಸಿಗಬಹುದು.

ಇನ್ನೊಂದು ಕಣ್ಣಿನ ಆಪರೇಷನ್ ನೀನು ಬಂದ ಮೇಲೆಯೇ ಎಂದು ಡಾಕ್ಟರಿಗೆ ಹೇಳಿಬಿಟ್ಟಿದ್ದೇನೆ. ಈ ಸಲ ಹತ್ತಿರ ನೀನಿರಬೇಕು. ಜಯನ ಕೈಯಲ್ಲಿ ಔಷಧಿ ಬಿಡಿಸಿಕೊಂಡು ಸಾಕಾಗಿದೆ.

ನಿನ್ನ ಫೋಟೋವನ್ನು ಸ್ಕ್ರೀನ್ ತುಂಬ ದೊಡ್ಡದು ಮಾಡಿ ನೋಡಿದೆ. ಮೂಗಿನ ತುದಿ ಸುಲಿದಿದೆ. ಕನ್ನಡಕ ಇದ್ದ ಜಾಗ ಬೆಳ್ಳಗೆ, ಉಳಿದ ಮುಖವೆಲ್ಲ ಬಿಸಿಲಿಗೆ ಕಪ್ಪು. ತುಟಿ ಒಡೆದಿದೆ. ಹಣೆಯ ಮೇಲೊಂದು ಗೆರೆ, ಕಿವಿಯ ಹತ್ತಿರ ಒಂದು ಬಿಳಿಕೂದಲು. ಅವು ಅಲ್ಲಿಯ ಚಳಿಗೆ ಬಂದವಲ್ಲ, ಮೊದಲೇ ಇದ್ದಿರಬೇಕು. ದಿನಾ ಎದುರಿಗೆ ಕೂತು ಉಣ್ಣುತ್ತಿದ್ದವಳ ಮುಖ ನಾನು ಎಷ್ಟು ಕಾಲದಿಂದ ನೋಡೇ ಇರಲಿಲ್ಲ ಕಣಮ್ಮಿ. ಕಣ್ಣಿಗೆ ಕಂಡಷ್ಟು ನೋಡಿ, ಉಳಿದದ್ದನ್ನು ಹಳೆಯ ನೆನಪಿನಿಂದ ತುಂಬಿಕೊಂಡು ನೀನು ಮೊದಲಿನ ಹಾಗೇ ಇದ್ದೀಯ ಅಂದುಕೊಂಡಿದ್ದೆ.

ಪ್ರಿಂಟ್ ಹಾಕಿ ಷೋಕೇಸಿನಲ್ಲಿ ಇಟ್ಟೆ. ಮಲ್ಲಾಜಮ್ಮ ಬಂದು ಗಾಜಿಗೆ ಮುಖ ಒತ್ತಿ ನೋಡಿದಳು.

"ಅಲ್ಲ ಕಣಕ್ಕಾ, ಊರೋರ್ ಮಕ್ಕಳ್ನೆಲ್ಲ ಬೆಳ್ಳಗೆ ಮಾಡ್ತೀಯ. ಸೊಸೆ ಮೂತಿ ಇಂಗೆ ಬುಟ್ಟಿದ್ದೀಯಲ್ಲ, ವಸಿ ಟಚಿಂಗ್ ಮಾಡ್ಬಾರ್ದಾ?"

"ಮಾಡಕ್ಕೇ ಕೂತಿದ್ದೆ ಕಣೇ" ಅಂದೆ. "ನೋಡ್ತಾ ನೋಡ್ತಾ ಕೈಯೇ ಓಡ್ಲಿಲ್ಲ."

ಅವಳು ಹೋದ ಮೇಲೆ ನಾನೂ ಹೊರಗೆ ಬಂದು, ಊಟಿ ರಸ್ತೆಯ ಬಿಸಿಲಿನಲ್ಲಿ ನಿಂತು, ಎಡಗಣ್ಣು ಮುಚ್ಚಿಕೊಂಡು ಇನ್ನೊಂದು ಸಲ ನಿನ್ನನ್ನು ನೋಡಿದೆ.

ನಿನ್ನ ಅತ್ತೆ